ಚಿತ್ರ ಬರೆಯುವ ಹೊಸ ಹಲಗೆ

ಟ್ಯಾಬ್ಲೆಟ್ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ವಯಸ್ಸಾದವರಿಗೆ ಔಷಧಿಯಂಗಡಿಯ ಮಾತ್ರೆಯೂ ಎಳೆಯರಿಗೆ ಆಟಕ್ಕೂ ಸಿನಿಮಾಕ್ಕೂ ಒದಗುವ ಅಗಲ ಮೈಯ ಫೋನೂ ನೆನಪಿಗೆ ಬರುವುದು ಸಹಜವಾಗಿದೆ. ಕಂಪ್ಯೂಟರಿನಲ್ಲಿ ಚಿತ್ರ ಬರೆಯುವವನು ಹೇಳುವ ಟ್ಯಾಬ್ಲೆಟ್ ಮಾತ್ರೆಯಂತೂ ಅಲ್ಲ. ಅಗಲವಾದ ಫೋನು ಕೂಡ ಎಲ್ಲ ವೇಳೆಯೂ ಅಲ್ಲ. ಈ ಒಂದೇ ಹೆಸರಿನ ಕೆಳಗೆ ಸ್ವಭಾವದಿಂದಲೂ ಬೆಲೆಯಿಂದಲೂ ಬೇರೆಬೇರೆಯಾದ ಮೂರು ಸಲಕರಣೆಗಳು ಅಂಗಡಿಯಲ್ಲಿ ಅಕ್ಕಪಕ್ಕದಲ್ಲಿಯೇ ಕುಳಿತಿವೆ. ಯಾವುದು ಯಾವುದೆಂದು ತಿಳಿಯದೆ ಹಣ ಕೊಟ್ಟು ಬಂದವರು ನಮ್ಮ ಊರಿನಲ್ಲಿಯೇ ಹಲವರಿದ್ದಾರೆ.

ನಮ್ಮ ಶಾಲೆಯಲ್ಲಿ ಕಲಿತು ಮುಂದೆ ಚಿತ್ರಕಲೆಯನ್ನೋ ವಿನ್ಯಾಸದ ಕೆಲಸವನ್ನೋ ಅಭ್ಯಾಸ ಮಾಡಹೊರಟ ಮಕ್ಕಳ ತಂದೆತಾಯಿಗಳು ಈಚೆಗೆ ನಮ್ಮನ್ನು ಕೇಳುವ ಪ್ರಶ್ನೆ ಒಂದೇ: “ಮಾಷ್ಟ್ರೇ, ಇದಕ್ಕೆ ಯಾವುದನ್ನು ತೆಗೆದುಕೊಡಬೇಕು?” ಹೀಗೆ ಕೇಳುವವರು ಅಡಿಕೆ ತೋಟದ ಕೂಲಿಯಿಂದಲೋ ಬೀಡಿ ಕಟ್ಟಿಯೋ ಕೂಡಿಸಿಟ್ಟ ಹಣವನ್ನು ಸೆರಗಿನ ಗಂಟಿನಲ್ಲಿಟ್ಟುಕೊಂಡು ಬಂದವರು. ಒಮ್ಮೆ ತಪ್ಪಿದರೆ ಎರಡನೆಯ ಸಲ ಕೊಳ್ಳುವ ಅನುಕೂಲ ಅವರಿಗಿಲ್ಲ. ಹುಡುಗಿಯೊಬ್ಬಳಿಗೆ ಕೊಲ್ಲಿ ನಾಡಿನಲ್ಲಿರುವ ಸೋದರಮಾವ ಪ್ರೀತಿಯಿಂದ ದುಬಾರಿಯ ಟ್ಯಾಬ್ಲೆಟ್ ಒಂದನ್ನು ಕಳುಹಿಸಿಕೊಟ್ಟನು. ನೋಡಲು ಬಹಳ ಸೊಗಸಾದ ವಸ್ತು. ಆದರೆ ಅದರ ಪರದೆಯ ಅಡಿಯಲ್ಲಿ ಪೆನ್ನನ್ನು ಗುರುತಿಸುವ ಪದರವೇ ಇರಲಿಲ್ಲ. ರಬ್ಬರು ತುದಿಯ ಕಡ್ಡಿಯೊಂದರಿಂದ ಗೀಚಿದರೆ ಬೆರಳಿನಿಂದ ಗೀಚಿದಂತೆಯೇ ಒಂದೇ ದಪ್ಪದ ಗೆರೆ ಮೂಡುತ್ತಿತ್ತು. ಆ ಹುಡುಗಿ ಕೊನೆಗೆ ಕಾಗದಕ್ಕೇ ಮರಳಿದಳು. ಟ್ಯಾಬ್ಲೆಟ್ ಮನೆಯವರೆಲ್ಲರೂ ಯಕ್ಷಗಾನ ನೋಡುವ ಪೆಟ್ಟಿಗೆಯಾಯಿತು. ಇಂಥದು ಇನ್ನೊಂದು ಮನೆಯಲ್ಲಿ ಆಗದಿರಲಿ ಎಂದು ನಮಗೆ ತಿಳಿದ ಸಂಗತಿಗಳನ್ನು ವಾಚಕರ ಮುಂದಿಡುತ್ತಿದ್ದೇವೆ.

ಮೂರು ಬಗೆಗಳನ್ನು ಮೊದಲು ಬೇರ್ಪಡಿಸಿಕೊಳ್ಳೋಣ. ಒಂದನೆಯದು ಪರದೆಯೇ ಇಲ್ಲದ ಕಪ್ಪು ಹಲಗೆ. ಅದನ್ನು ಕಂಪ್ಯೂಟರಿಗೆ ತಂತಿಯಿಂದ ಜೋಡಿಸಿ ಹಲಗೆಯ ಮೇಲೆ ಪೆನ್ನಾಡಿಸಿದರೆ ಗೆರೆ ಕಂಪ್ಯೂಟರಿನ ಪರದೆಯಲ್ಲಿ ಮೂಡುತ್ತದೆ. ಎರಡನೆಯದರಲ್ಲಿ ಹಲಗೆಯೇ ಪರದೆ. ಬರೆದ ಜಾಗದಲ್ಲಿಯೇ ಗೆರೆ ಕಾಣುವುದು. ಆದರೂ ಅದಕ್ಕೆ ಸ್ವಂತ ಬುದ್ಧಿಯಿಲ್ಲ, ಕಂಪ್ಯೂಟರು ಜೊತೆಗಿಲ್ಲದಿದ್ದರೆ ಅದು ಬರಿಯ ಗಾಜು. ಮೂರನೆಯದು ತಾನೇ ಕಂಪ್ಯೂಟರಾಗಿದ್ದು ತನ್ನ ಪೆನ್ನಿನೊಡನೆ ಸ್ವತಂತ್ರವಾಗಿ ಕೆಲಸ ಮಾಡತಕ್ಕದ್ದು. ಅನುಕೂಲಕ್ಕಾಗಿ ಇವನ್ನು ಬರಿ ಹಲಗೆ, ಪರದೆ ಹಲಗೆ, ಸ್ವತಂತ್ರ ಟ್ಯಾಬ್ಲೆಟ್ ಎಂದು ಕರೆಯುವೆವು. ಇವು ಪಂಡಿತರು ಒಪ್ಪಿದ ಪಾರಿಭಾಷಿಕ ಪದಗಳಲ್ಲ. ಈ ಲೇಖನದ ಮಟ್ಟಿಗೆ ಸಾಕು.

ಕೈಯ ಚಲನೆಯನ್ನು ಯಂತ್ರಕ್ಕೆ ಓದಿಸುವ ಹಂಬಲ ನಾವೆಣಿಸುವಷ್ಟು ಹೊಸದಲ್ಲ. ಅಮೆರಿಕದ ಎಲಿಷಾ ಗ್ರೇ ಎಂಬಾತನು ೧೮೮೮ರಲ್ಲಿಯೇ ಟೆಲಾಟೋಗ್ರಾಫ್ ಎಂಬ ಯಂತ್ರಕ್ಕೆ ಹಕ್ಕುಪತ್ರ ಪಡೆದಿದ್ದನು. ಇಲ್ಲಿ ಬರೆದ ಕೈಬರಹವನ್ನು ವಿದ್ಯುತ್ತಿನ ಮೂಲಕ ದೂರದಲ್ಲಿರುವ ಇನ್ನೊಂದು ಲೇಖನಿ ಹಾಗೆಯೇ ಬರೆಯುವಂತೆ ಮಾಡುವ ಯಂತ್ರವದು. ಕಂಪ್ಯೂಟರಿನೊಡನೆ ಚಿತ್ರದ ಭಾಷೆಯಲ್ಲಿ ಮಾತನಾಡಬಹುದೆಂಬುದನ್ನು ೧೯೬೩ರಲ್ಲಿ ಐವನ್ ಸದರ್ಲೆಂಡ್ ತಮ್ಮ ಸ್ಕೆಚ್‌ಪ್ಯಾಡ್ ಎಂಬ ಕಾರ್ಯಕ್ರಮದಿಂದ ತೋರಿಸಿಕೊಟ್ಟರು. ಅವರು ಬೆಳಕಿನ ಪೆನ್ನನ್ನು ಪರದೆಗೇ ಮುಟ್ಟಿಸಿ ಗೆರೆ ಎಳೆಯುತ್ತಿದ್ದರು. ಮರುವರ್ಷ, ೧೯೬೪ರಲ್ಲಿ, ರ‍್ಯಾಂಡ್ ಸಂಸ್ಥೆಯವರು ಹತ್ತಂಗುಲ ಚೌಕದ ಹಲಗೆಯೊಂದನ್ನು ಪ್ರಕಟಿಸಿದರು. ಅದರೊಳಗೆ ಅಂಗುಲಕ್ಕೆ ನೂರರಂತೆ ಅಡ್ಡಕ್ಕೂ ಉದ್ದಕ್ಕೂ ನವಿರಾದ ವಾಹಕ ಗೆರೆಗಳು. ಹಾಗೆಂದರೆ ಸಾವಿರಕ್ಕೆ ಸಾವಿರ, ಹತ್ತು ಲಕ್ಷ ಬಿಂದುಗಳಲ್ಲಿ ಪೆನ್ನು ಎಲ್ಲಿದೆಯೆಂದು ಯಂತ್ರ ಹೇಳಬಲ್ಲುದಾಗಿತ್ತು. ಇಂದಿನ ಬರಿ ಹಲಗೆ ಆ ವಂಶದ್ದೇ. ೧೯೮೩ರಲ್ಲಿ ಜಪಾನಿನಲ್ಲಿ ಸ್ಥಾಪಿತವಾದ ವಾಕಮ್ ಎಂಬ ಕಂಪನಿಯು ಪೆನ್ನಿಗೆ ಕಟ್ಟಿದ್ದ ತಂತಿಯನ್ನು ಬಿಡಿಸಿ ಈ ಸಲಕರಣೆಯನ್ನು ಚಿತ್ರಕಾರರ ಮೇಜಿಗೆ ತಂದಿತು. ಈಗ ಹುಯಿಯಾನ್, ಎಕ್ಸ್‌ಪಿ-ಪೆನ್ ಮೊದಲಾದ ಹೆಸರುಗಳೂ ಪೇಟೆಯಲ್ಲಿ ಬಳಕೆಯಲ್ಲಿವೆ.

ತಂತಿಯೂ ಇಲ್ಲದೆ ಬ್ಯಾಟರಿಯೂ ಇಲ್ಲದೆ ಈ ಪೆನ್ನು ಕೆಲಸ ಮಾಡುವುದು ಹೇಗೆಂಬುದನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಮೇಲು. ಏಕೆಂದರೆ ಆಯ್ಕೆಯ ಗುಟ್ಟು ಬಹುಮಟ್ಟಿಗೆ ಇಲ್ಲಿಯೇ ಇದೆ. ಶ್ರುತಿಗೂಡಿಸಿದ ಎರಡು ತಂಬೂರಿಗಳನ್ನು ಹತ್ತಿರ ಹತ್ತಿರ ಇಟ್ಟು ಒಂದರ ತಂತಿಯನ್ನು ಮೀಟಿದರೆ, ಯಾರೂ ಮುಟ್ಟದಿದ್ದರೂ ಇನ್ನೊಂದರ ತಂತಿ ಸಣ್ಣಗೆ ಮಿಡಿಯುವುದನ್ನು ಸಂಗೀತ ಬಲ್ಲವರು ಕಂಡಿದ್ದಾರೆ. ಹಲಗೆಯ ಒಳಗೆ ತಾಮ್ರದ ಸುರುಳಿಗಳ ಸಾಲುಗಳಿವೆ. ಅವು ಒಂದೊಂದಾಗಿ ಕ್ಷಣಕಾಲ ವಿದ್ಯುತ್ಕಾಂತದ ಮಿಡಿತವನ್ನು ಹೊರಸೂಸಿ ಮರುಕ್ಷಣ ಸುಮ್ಮನಾಗುತ್ತವೆ. ಪೆನ್ನಿನೊಳಗೂ ಒಂದು ಸುರುಳಿಯೂ ಒಂದು ಕೆಪಾಸಿಟರೂ ಇದ್ದು ಅವು ಅದೇ ಶ್ರುತಿಗೆ ಹೊಂದಿಕೊಂಡಿವೆ. ಹಲಗೆ ಮಿಡಿದಾಗ ಪೆನ್ನು ಆ ಶಕ್ತಿಯನ್ನು ಹೀರಿಕೊಂಡು, ಹಲಗೆ ಸುಮ್ಮನಾದಾಗ ತಾನು ಮಿಡಿಯುತ್ತದೆ. ಹಲಗೆ ಆಗ ಕಿವಿಗೊಟ್ಟು ಕೇಳುತ್ತದೆ. ಯಾವ ಸುರುಳಿಯ ಬಳಿ ಮರುಮಿಡಿತ ಜೋರಾಗಿದೆಯೋ ಅಲ್ಲಿ ಪೆನ್ನಿದೆ. ತುದಿಯನ್ನು ಒತ್ತಿದಾಗ ಪೆನ್ನಿನ ಶ್ರುತಿ ಎಳೆಯಷ್ಟು ಬದಲಾಗುತ್ತದೆ. ಆ ಬದಲಾವಣೆಯೇ ಒತ್ತಡದ ಅಳತೆ. ಇದೆಲ್ಲವೂ ಸೆಕೆಂಡಿಗೆ ನೂರಾರು ಬಾರಿ ನಡೆಯುವುದರಿಂದ ನಮ್ಮ ಕಣ್ಣಿಗೆ ಗೆರೆ ಹರಿದು ಬಂದಂತೆ ಕಾಣುವುದು.

ಫೋನಿನ ಪರದೆಯ ಮರ್ಮವೇ ಬೇರೆ. ಬೆರಳಿನ ಚರ್ಮವು ಪರದೆಯ ಮೇಲಿನ ವಿದ್ಯುತ್ ಹಂಚಿಕೆಯನ್ನು ಕದಲಿಸುವುದನ್ನಷ್ಟೇ ಅದು ಅರಿಯುತ್ತದೆ. ಬೆರಳು ಮುಟ್ಟಿತೋ ಇಲ್ಲವೋ ಎಂಬುದು ಗೊತ್ತಾಗುತ್ತದೆ. ಎಷ್ಟು ಒತ್ತಿತೆಂಬುದು ಗೊತ್ತಾಗುವುದಿಲ್ಲ. ರಬ್ಬರು ತುದಿಯ ಕಡ್ಡಿಗಳು ಬೆರಳಿನ ನಟನೆ ಮಾಡುವವುಗಳೇ ಹೊರತು ಪೆನ್ನುಗಳಲ್ಲ. “ಎಲ್ಲ ಫೋನಿಗೂ ಎಲ್ಲ ಟ್ಯಾಬಿಗೂ ಆಗುತ್ತದೆ” ಎಂದು ಅಂಗಡಿಯವನು ಹೊಗಳಿದರೆ ಅದು ಚಿತ್ರಕ್ಕೆ ಆಗುವುದಿಲ್ಲವೆಂದೇ ತಿಳಿಯಬಹುದು.

ಒತ್ತಡದ ಮೇಲೆ ಇಷ್ಟು ಒತ್ತಿ ಹೇಳುವುದೇಕೆಂದು ಕೆಲವರು ಕೇಳಬಹುದು. ಕೆ. ಕೆ. ಹೆಬ್ಬಾರರ ರೇಖಾಚಿತ್ರವೊಂದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಯಕ್ಷಗಾನದ ಚೌಕಿಯಲ್ಲಿ ವೇಷಧಾರಿ ಕನ್ನಡಿ ಹಿಡಿದು ಹುಬ್ಬು ತೀಡುವಾಗ ಗೆರೆ ಮೂಗಿನ ಬಳಿ ದಪ್ಪವಾಗಿ ಹುಟ್ಟಿ ಕಿವಿಯತ್ತ ಸಾಗುತ್ತ ಕೂದಲೆಳೆಯಾಗುವುದನ್ನು ನಮ್ಮ ಸೀಮೆಯ ಮಕ್ಕಳು ನೋಡಿಯೇ ಬೆಳೆದಿದ್ದಾರೆ. ಮೌಸ್ ಹಿಡಿದ ಕೈಗೆ ಆ ಗೆರೆ ಬಾರದು. ಕೇರಳದ ಶಾಲಾ ಐ.ಟಿ. ಮೇಳಗಳಲ್ಲಿ ಡಿಜಿಟಲ್ ಪೈಂಟಿಂಗ್ ಎಂಬ ಸ್ಪರ್ಧೆಯಿದೆ. ಮೌಸಿನಿಂದಲೇ ಅದ್ಭುತವಾಗಿ ಬಣ್ಣ ತುಂಬುವ ಮಕ್ಕಳನ್ನು ನಾವು ಬಲ್ಲೆವು. ಆದರೆ ಅವರು ಚಿತ್ರ ಬರೆಯುವುದಕ್ಕಿಂತ ಹೆಚ್ಚಾಗಿ ಕಟ್ಟುತ್ತಾರೆ, ಇಟ್ಟಿಗೆಯ ಮೇಲೆ ಇಟ್ಟಿಗೆಯಿಟ್ಟಂತೆ.

ಇನ್ನು ಬರಿ ಹಲಗೆಯ ವಿಚಾರ. ಹೊಸಬರಿಗೆ ನಾವು ಮೊದಲು ಸೂಚಿಸುವುದು ಇದನ್ನೇ. ಕಂಪ್ಯೂಟರು ಮನೆಯಲ್ಲಿ ಈಗಾಗಲೇ ಇದ್ದರೆ ಕೆಲವೇ ಸಾವಿರ ರೂಪಾಯಿಗಳಲ್ಲಿ ಕೆಲಸ ಮುಗಿಯುತ್ತದೆ. ಇದಕ್ಕೆ ಬರುವ ಮುಖ್ಯ ಆಕ್ಷೇಪವೆಂದರೆ ಕೈ ಒಂದೆಡೆ, ಕಣ್ಣು ಇನ್ನೊಂದೆಡೆ ಎಂಬುದು. ಮೊದಲ ದಿನ ತನ್ನ ಹೆಸರನ್ನು ಬರೆಯಲಿಕ್ಕೂ ಕೈ ತಡಬಡಿಸುವುದು ನಿಜ. ಆದರೆ ಹಾರ್ಮೋನಿಯಂ ನುಡಿಸುವವನು ಕೈಯನ್ನು ನೋಡುತ್ತಾನೆಯೇ? ದಿನಕ್ಕೆ ಅರ್ಧ ಗಂಟೆಯಂತೆ ಎರಡು ಮೂರು ವಾರ ಅಭ್ಯಾಸ ಮಾಡಿದರೆ ಕೈ ತಾನಾಗಿ ದಾರಿ ಕಂಡುಕೊಳ್ಳುತ್ತದೆ. ಅಲ್ಲದೆ ಬೆನ್ನು ನೆಟ್ಟಗಿದ್ದು ಕಣ್ಣು ಎದುರಿನ ಪರದೆಯ ಮೇಲಿರುವುದರಿಂದ ಕತ್ತು ಬಗ್ಗಿಸುವ ತೊಂದರೆಯಿಲ್ಲ. ದಿನವೆಲ್ಲ ಕೆಲಸ ಮಾಡುವವರಿಗೆ ಇದು ಸಣ್ಣ ಲಾಭವಲ್ಲ.

ಹಲಗೆಯ ಗಾತ್ರವನ್ನು ನೋಡುವಾಗ ಹೊರಗಿನ ಚೌಕಟ್ಟನ್ನಲ್ಲ, ಪೆನ್ನು ಕೆಲಸ ಮಾಡುವ ಜಾಗವನ್ನು ಅಳೆಯಬೇಕು. ಒನ್ ಬೈ ವಾಕಮ್ ಎಂಬ ಸಾಮಾನ್ಯ ದರ್ಜೆಯ ಹಲಗೆಯ ಸಣ್ಣ ಮಾದರಿಯಲ್ಲಿ ಈ ಜಾಗ ೧೫೨ ಮಿಲಿಮೀಟರ್ ಅಗಲ, ೯೫ ಮಿಲಿಮೀಟರ್ ಎತ್ತರ. ಮಧ್ಯಮ ಮಾದರಿಯಲ್ಲಿ ೨೧೬ಕ್ಕೆ ೧೩೫. ಹಲಗೆಯ ಈ ಜಾಗವು ಕಂಪ್ಯೂಟರಿನ ಇಡೀ ಪರದೆಗೆ ಸಮವೆಂದು ಯಂತ್ರ ಎಣಿಸುತ್ತದೆ. ಇಪ್ಪತ್ತೊಂದೂವರೆ ಅಂಗುಲದ ಪರದೆಯ ಅಗಲ ಸುಮಾರು ೪೭೬ ಮಿಲಿಮೀಟರ್. ಆದುದರಿಂದ ಸಣ್ಣ ಹಲಗೆಯ ಮೇಲೆ ಕೈ ಒಂದಂಗುಲ ಸರಿದರೆ ಪರದೆಯ ಮೇಲೆ ಗೆರೆ ಮೂರಂಗುಲಕ್ಕೂ ಮಿಗಿಲಾಗಿ ಓಡುತ್ತದೆ. ಮಧ್ಯಮದಲ್ಲಿ ಎರಡೂಕಾಲು ಅಂಗುಲದ ಒಳಗೆ. ಕೈ ನಡುಗಿದರೆ ಆ ನಡುಕವೂ ಅಷ್ಟೇ ಪಟ್ಟು ಹಿಗ್ಗುತ್ತದೆ. ಮಣಿಕಟ್ಟಿನಿಂದ ಬರೆಯುವ ಸಣ್ಣ ಕೆಲಸಕ್ಕೆ, ಛಾಯಾಚಿತ್ರ ತಿದ್ದಲಿಕ್ಕೆ, ಶಿಕ್ಷಕರು ಆನ್‌ಲೈನ್ ಪಾಠದಲ್ಲಿ ಲೆಕ್ಕ ಬರೆದು ತೋರಿಸಲಿಕ್ಕೆ ಸಣ್ಣದು ಸಾಕು. ಮೊಣಕೈಯಿಂದ ಗೆರೆಯೆಳೆದು ಅಭ್ಯಾಸವಾದ ಚಿತ್ರಕಾರನಿಗೆ ಮಧ್ಯಮ ಗಾತ್ರವೇ ತಕ್ಕುದು. ಅದಕ್ಕಿಂತಲೂ ದೊಡ್ಡದು ಮೇಜನ್ನು ನುಂಗುವುದೇ ಹೊರತು ಹೊಸಬರಿಗೆ ಹೆಚ್ಚಿನ ಪ್ರಯೋಜನವನ್ನು ಕೊಡಲಾರದು.

ಇಲ್ಲೊಂದು ಸೂಕ್ಷ್ಮವಿದೆ. ಸಣ್ಣ ಹಲಗೆಯ ಅಗಲ ಎತ್ತರಗಳ ಪ್ರಮಾಣವೂ ಪರದೆಯ ಪ್ರಮಾಣವೂ ಒಂದೇ ಅಲ್ಲ. ೨೫ ಮಿಲಿಮೀಟರ್ ಅಡ್ಡಳತೆಯ ನಾಣ್ಯವೊಂದನ್ನು ಹಲಗೆಯ ಮೇಲಿಟ್ಟು ಅದರ ಸುತ್ತ ಪೆನ್ನಾಡಿಸಿದರೆ ಮೇಲೆ ಹೇಳಿದ ಪರದೆಯಲ್ಲಿ ಮೂಡುವುದು ವೃತ್ತವಲ್ಲ. ಸುಮಾರು ೭೮ ಮಿಲಿಮೀಟರ್ ಅಗಲವೂ ೭೦ ಮಿಲಿಮೀಟರ್ ಎತ್ತರವೂ ಆದ ಮೊಟ್ಟೆ. ಎಷ್ಟು ಎಚ್ಚರದಿಂದ ಬರೆದರೂ ಮುಖಗಳೆಲ್ಲ ಉಬ್ಬಿಕೊಳ್ಳುತ್ತವೆಯೆಂದು ಕೊರಗುವ ಹುಡುಗರ ತಪ್ಪು ಅನೇಕ ವೇಳೆ ಇಷ್ಟೇ ಆಗಿರುತ್ತದೆ. ಹಲಗೆಯೊಡನೆ ಬರುವ ತಂತ್ರಾಂಶದ ಸೆಟ್ಟಿಂಗಿನಲ್ಲಿ ಪ್ರಮಾಣವನ್ನು ಪರದೆಗೆ ಹೊಂದಿಸುವ ಗುಂಡಿಯಿದೆ. ಅದನ್ನು ಒತ್ತಿದರೆ ಹಲಗೆಯ ಅಂಚಿನಲ್ಲಿ ಒಂದು ಸೆಂಟಿಮೀಟರಿನಷ್ಟು ಜಾಗ ಕೆಲಸಕ್ಕೆ ಬಾರದೆ ಹೋಗುವುದು; ಆದರೆ ನಾಣ್ಯ ನಾಣ್ಯವಾಗಿಯೇ ಕಾಣುವುದು. ಎಡಗೈಯವರು ಇದೇ ಜಾಗದಲ್ಲಿ ಹಲಗೆಯನ್ನು ತಲೆಕೆಳಗು ಮಾಡಿ ಗುಂಡಿಗಳನ್ನು ತಮ್ಮ ಕಡೆಗೆ ತಿರುಗಿಸಿಕೊಳ್ಳಬಹುದು.

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ ಸಂಖ್ಯೆ ಇನ್ನೊಂದು. ಒತ್ತಡದ ಮಟ್ಟಗಳು ೨೦೪೮, ೪೦೯೬, ೮೧೯೨, ಈಚೆಗೆ ೧೬೩೮೪ ಎಂದು ಕಂಪನಿಗಳು ಒಂದನ್ನೊಂದು ಮೀರಿಸಿ ಹೇಳಿಕೊಳ್ಳುತ್ತಿವೆ. ಲೆಕ್ಕ ಹಾಕಿ ನೋಡೋಣ. ನಾವು ಬಳಸುವ ಕುಂಚದ ಅತಿ ದಪ್ಪ ಗೆರೆ ೪೦ ಬಿಂದುಗಳಷ್ಟು ಅಗಲವೆನ್ನಿ. ೨೦೪೮ ಮಟ್ಟಗಳ ಪೆನ್ನಿನಲ್ಲಿ ಒಂದು ಮಟ್ಟ ಏರಿದರೆ ಗೆರೆಯ ದಪ್ಪ ಒಂದು ಬಿಂದುವಿನ ಐವತ್ತನೆಯ ಒಂದು ಪಾಲಿನಷ್ಟು ಹೆಚ್ಚುವುದು. ಇದನ್ನು ಕಾಣುವ ಕಣ್ಣು ಯಾರಿಗೂ ಇಲ್ಲ. ೨೦೪೮ ಇದ್ದರೆ ಸಾಕು. ಉಳಿದುದು ಸಂತೆಯ ಕೂಗು. ಪೆಟ್ಟಿಗೆಯ ಮೇಲೆ ಅಪರೂಪಕ್ಕೆ ಕಾಣುವ, ಆದರೆ ನಿಜವಾಗಿ ಮುಖ್ಯವಾದ ಸಂಗತಿ ಬೇರೆಯಿದೆ. ಗರಿ ಸೋಕಿದಂತೆ ಪೆನ್ನನ್ನು ಸೋಕಿಸಿದರೆ ಗೆರೆ ಹುಟ್ಟುತ್ತದೆಯೇ, ಅಥವಾ ಸ್ವಲ್ಪ ಒತ್ತಿದ ಮೇಲೆಯೇ ಹುಟ್ಟುತ್ತದೆಯೇ? ಒತ್ತಿದ ಮೇಲೆಯೇ ಹುಟ್ಟುವ ಪೆನ್ನಿನಲ್ಲಿ ಕೂದಲು, ಹುಲ್ಲು, ಕಣ್ಣಿನ ರೆಪ್ಪೆಗಳು ಮೊಂಡಾಗಿ ಬರುತ್ತವೆ. ಇನ್ನೊಂದು ಪರೀಕ್ಷೆ: ಅಡಿಕೋಲನ್ನು ಓರೆಯಾಗಿಟ್ಟು ಬಹಳ ನಿಧಾನವಾಗಿ ಗೆರೆಯೆಳೆಯಬೇಕು. ಕಳಪೆ ಹಲಗೆಯಲ್ಲಿ ಆ ಗೆರೆ ಹಾವಿನಂತೆ ಹೊರಳುವುದು. ಅಂಗಡಿಯವರು ಬಿಚ್ಚಿ ತೋರಿಸಲು ಒಪ್ಪದಿದ್ದರೆ, ಕೊಂಡುಕೊಂಡವರ ಮನೆಗೆ ಹೋಗಿ ಹತ್ತು ನಿಮಿಷ ಬರೆದು ನೋಡುವುದು ಮೇಲು.

ಎರಡನೆಯ ಬಗೆಯಾದ ಪರದೆ ಹಲಗೆಯ ಬಗ್ಗೆ ಹೆಚ್ಚು ಹೇಳಲು ನಮಗೆ ಮನಸ್ಸಿಲ್ಲ. ಅದು ಚಿತ್ರಕಾರನ ಸ್ವರ್ಗವೆಂಬುದು ನಿಜ. ವ್ಯಂಗ್ಯಚಿತ್ರ, ಅನಿಮೇಷನ್ ಮುಂತಾದ ವೃತ್ತಿಗಳಲ್ಲಿ ಅದನ್ನು ಬಿಟ್ಟು ಕೆಲಸ ಮಾಡಲಾರದವರಿದ್ದಾರೆ. ಆದರೆ ಬೆಲೆ ಬರಿ ಹಲಗೆಯ ಹಲವು ಪಟ್ಟು. ಜೊತೆಗೆ ಗಟ್ಟಿಯಾದ ಕಂಪ್ಯೂಟರೂ ಬೇಕು. ಹಳೆಯ ಲ್ಯಾಪ್‌ಟಾಪಾದರೆ ಎರಡು ಮೂರು ತಂತಿಗಳ ಜಡೆಯೂ ಬೇಕು. ಕೊಳ್ಳುವವರು ಗಮನಿಸತಕ್ಕದ್ದು ಒಂದು: ಮೇಲಿನ ಗಾಜಿಗೂ ಒಳಗಿನ ಚಿತ್ರಕ್ಕೂ ನಡುವೆ ಅಂತರವಿದ್ದರೆ ಪೆನ್ನಿನ ತುದಿಯೊಂದು ಕಡೆ, ಗೆರೆ ಅದರ ಪಕ್ಕದಲ್ಲಿ ಇನ್ನೊಂದು ಕಡೆ ಕಾಣುವುದು, ಬಾವಿಯ ನೀರಿನಲ್ಲಿರುವ ಕೊಡ ಸರಿದಂತೆ ಕಾಣುವ ಹಾಗೆ. ಗಾಜನ್ನೂ ಪರದೆಯನ್ನೂ ಒಂದಾಗಿ ಅಂಟಿಸಿದ ಮಾದರಿಗಳಲ್ಲಿ ಈ ದೋಷ ಕಡಮೆ. ಸಂಪಾದನೆ ಆರಂಭವಾದ ಮೇಲೆ, ಆ ಸಂಪಾದನೆಯಿಂದಲೇ ಕೊಳ್ಳಬೇಕಾದ ವಸ್ತುವಿದು ಎಂಬುದು ನಮ್ಮ ಅಭಿಪ್ರಾಯ.

ಮೂರನೆಯ ಬಗೆಯಲ್ಲಿಯೇ ಮೋಸಹೋಗುವವರು ಹೆಚ್ಚು. ಕಂಪ್ಯೂಟರಿಲ್ಲದ ಮನೆಗೆ ಸ್ವತಂತ್ರ ಟ್ಯಾಬ್ಲೆಟ್ ಒಳ್ಳೆಯ ದಾರಿಯೇ ಸರಿ. ಮಳೆಗಾಲದಲ್ಲಿ ವಿದ್ಯುತ್ತು ಗಂಟೆಗಟ್ಟಲೆ ಕೈಕೊಡುವ ನಮ್ಮ ಹಳ್ಳಿಗಳಲ್ಲಿ ಬ್ಯಾಟರಿಯಿಂದ ನಡೆಯುವ ಈ ಸಲಕರಣೆಗೆ ಬೇರೆಯೇ ಬೆಲೆಯಿದೆ. ಮರದ ನೆರಳಿನಲ್ಲಿ ಕುಳಿತು ಎದುರಿನ ಗದ್ದೆಯನ್ನು ನೋಡಿ ಬರೆಯಲಿಕ್ಕೂ ಆಗುವುದು. ಆದರೆ ಇಲ್ಲಿ ಟ್ಯಾಬ್ಲೆಟಿನ ಹೆಸರಿಗಿಂತ ಪೆನ್ನಿನ ಹೆಸರನ್ನು ಮೊದಲು ಕೇಳಬೇಕು. ಆಪಲ್ ಕಂಪನಿಯ ಐಪ್ಯಾಡ್ ೨೦೧೦ರಲ್ಲಿ ಬಂದರೂ ಅದಕ್ಕೆ ಆ ಕಂಪನಿಯದೇ ಪೆನ್ನು ಬಂದುದು ೨೦೧೫ರಲ್ಲಿ. ಈಗ ಆ ಪೆನ್ನಿನಲ್ಲಿಯೇ ನಾಲ್ಕು ಬಗೆಗಳಾಗಿವೆ: ಮೊದಲನೆಯದು, ೨೦೧೮ರ ಎರಡನೆಯದು, ೨೦೨೩ರ ಯುಎಸ್‌ಬಿ-ಸಿ ಪೆನ್ನು, ೨೦೨೪ರ ಪ್ರೊ. ಎಲ್ಲ ಪೆನ್ನೂ ಎಲ್ಲ ಐಪ್ಯಾಡಿಗೂ ಕೂಡುವುದಿಲ್ಲ. ಮೇಲಾಗಿ ಯುಎಸ್‌ಬಿ-ಸಿ ಪೆನ್ನು ವಾಲಿಕೆಯನ್ನು ಅರಿಯುವುದೇ ಹೊರತು ಒತ್ತಡವನ್ನು ಅರಿಯುವುದಿಲ್ಲ. ಅದು ಟಿಪ್ಪಣಿ ಬರೆಯುವವರಿಗೆ ಆದೀತು. ಚಿತ್ರಕಾರನಿಗೆ ಬೇಕಾದ ಮುಖ್ಯ ಗುಣವೇ ಅದರಲ್ಲಿಲ್ಲ. ಬೇರೆಯವರು ಮಾಡಿ ಕಡಮೆ ಬೆಲೆಗೆ ಮಾರುವ ಐಪ್ಯಾಡ್ ಪೆನ್ನುಗಳ ಹಣೆಬರಹವೂ ಸಾಮಾನ್ಯವಾಗಿ ಇದೇ. ಆಪಲಿನ ಸಾಮಾನ್ಯ ದರ್ಜೆಯ ಐಪ್ಯಾಡನ್ನು ಚಿತ್ರಕ್ಕಾಗಿ ಕೊಳ್ಳುವವರು ಅದಕ್ಕೆ ಹೊಂದುವ ಮೊದಲನೆಯ ಬಗೆಯ ಪೆನ್ನನ್ನು, ಬೇಕಾದ ಅಡಾಪ್ಟರಿನೊಡನೆ, ಕೇಳಿ ಪಡೆಯಬೇಕು.

ಸ್ಯಾಮ್‌ಸಂಗ್ ಕಂಪನಿಯ ಎಸ್ ಪೆನ್ನು ವಾಕಮ್ ಕಂಪನಿಯ ಮೇಲೆ ವಿವರಿಸಿದ ತತ್ತ್ವದಿಂದಲೇ ನಡೆಯುವುದು. ಬರೆಯಲು ಚಾರ್ಜು ಬೇಡ. ೨೦೨೦ರಲ್ಲಿ ಹೊರಬಂದ ಗ್ಯಾಲಕ್ಸಿ ಟ್ಯಾಬ್ ಎಸ್೬ ಲೈಟ್ ಎಂಬ ೧೦.೪ ಅಂಗುಲದ ಮಾದರಿಯಲ್ಲಿ ಪೆನ್ನು ಪೆಟ್ಟಿಗೆಯೊಳಗೆಯೇ ಬರುತ್ತಿತ್ತು. ಕಡಮೆ ವೆಚ್ಚದಲ್ಲಿ ಚಿತ್ರಾಭ್ಯಾಸಕ್ಕೆ ಅದು ಅನೇಕರಿಗೆ ದಾರಿಯಾಯಿತು. ಆದರೆ ಅದೇ ಕಂಪನಿಯ, ಅದೇ ಬಣ್ಣದ ಟ್ಯಾಬ್ ಎ೮, ಎ೯ ಮೊದಲಾದವುಗಳಲ್ಲಿ ಪೆನ್ನಿನ ಪದರವಿಲ್ಲ. ಎಸ್ ಪೆನ್ನನ್ನು ಬೇರೆಯಾಗಿ ಕೊಂಡು ತಂದು ಮುಟ್ಟಿಸಿದರೂ ಅದು ಓದಲಾರದು. ಹೆಸರಿನಲ್ಲಿ ಒಂದಕ್ಷರದ ಭೇದ, ಕೆಲಸದಲ್ಲಿ ಆಕಾಶ ಪಾತಾಳಗಳ ಭೇದ.

ಸ್ವತಂತ್ರ ಟ್ಯಾಬ್ಲೆಟಿನಲ್ಲಿ ನೋಡಬೇಕಾದ ಇನ್ನೊಂದು ವಿಷಯ ಅದರ ನೆನಪಿನ ಶಕ್ತಿ, ಎಂದರೆ ರ‍್ಯಾಮ್. ಅಚ್ಚಿಗೆ ಹೋಗುವ ಚಿತ್ರವನ್ನು ಅಂಗುಲಕ್ಕೆ ೩೦೦ ಬಿಂದುಗಳಂತೆ ಬರೆಯುವುದು ವಾಡಿಕೆ. ಆ ಲೆಕ್ಕದಲ್ಲಿ ಎ೪ ಹಾಳೆಯೊಂದಕ್ಕೆ ೨೪೮೦ಕ್ಕೆ ೩೫೦೮, ಹತ್ತಿರ ಹತ್ತಿರ ೮೭ ಲಕ್ಷ ಬಿಂದುಗಳಾಗುತ್ತವೆ. ಬಿಂದುವೊಂದಕ್ಕೆ ನಾಲ್ಕು ಬೈಟಿನಂತೆ ಚಿತ್ರದ ಒಂದು ಪದರಕ್ಕೆ ಸುಮಾರು ೩೫ ಮೆಗಾಬೈಟ್. ಗೆರೆಗೊಂದು ಪದರ, ಬಣ್ಣಕ್ಕೊಂದು, ನೆರಳಿಗೊಂದು ಎಂದು ಹತ್ತು ಪದರಗಳಾದರೆ ೩೫೦. ಇದನ್ನು ನಾಲ್ಕು ಗಿಗಾಬೈಟಿನ ಯಂತ್ರ ಹೇಗೋ ತಡೆದುಕೊಂಡೀತು. ಆದರೆ ಗೋಡೆಗೆ ಹಚ್ಚುವ ಎ೧ ಗಾತ್ರದ ಭಿತ್ತಿಪತ್ರಕ್ಕೆ ಒಂದು ಪದರಕ್ಕೇ ೨೮೦ ಮೆಗಾಬೈಟಿನ ಹತ್ತಿರ ಬೇಕು. ಹತ್ತು ಪದರಗಳಲ್ಲಿ ಯಂತ್ರ ಮಂಡಿಯೂರುವುದು. ಐಪ್ಯಾಡಿಗಾಗಿಯೇ ಇರುವ ಪ್ರೊಕ್ರಿಯೇಟ್ ಎಂಬ ತಂತ್ರಾಂಶ ಇಂಥಲ್ಲಿ ಪದರಗಳ ಸಂಖ್ಯೆಯನ್ನೇ ಕಡಿತಗೊಳಿಸುತ್ತದೆ. ವಾರ್ಷಿಕೋತ್ಸವದ ಭಿತ್ತಿಪತ್ರಗಳನ್ನು ಮಾಡಿಕೊಡುವ ಉದ್ದೇಶವುಳ್ಳವರು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಭಿತ್ತಿಪತ್ರದ ಮಾತು ಬಂದುದರಿಂದ ಇನ್ನೊಂದನ್ನು ಹೇಳಲೇಬೇಕು. ಚಿತ್ರ ಬರೆಯುವುದು ಬೇರೆ, ಗ್ರಾಫಿಕ್ ವಿನ್ಯಾಸ ಬೇರೆ. ಮದುವೆಯ ಕರೆಯೋಲೆ, ಯಕ್ಷಗಾನದ ಕರಪತ್ರ, ಅಂಗಡಿಯ ಫಲಕ, ಸಂಘದ ಲಾಂಛನ ಇವುಗಳಲ್ಲಿ ಮುಖ್ಯವಾದವು ಅಕ್ಷರ, ಅಳತೆ, ಜೋಡಣೆ. ಲಾಂಛನದಂಥವನ್ನು ಬಿಂದುಗಳಿಂದ ತುಂಬುವುದಿಲ್ಲ. ಬಿಂದುವಿನಿಂದ ಬಿಂದುವಿಗೆ ಸಾಗುವ ವಕ್ರರೇಖೆಗಳ ಗಣಿತದಿಂದ ಕಟ್ಟುತ್ತಾರೆ. ಅಂಚೆಚೀಟಿಯಷ್ಟಕ್ಕೆ ಇಳಿಸಿದರೂ ಬಸ್ಸಿನಷ್ಟಕ್ಕೆ ಏರಿಸಿದರೂ ಅದರ ಅಂಚು ಒಡೆಯುವುದಿಲ್ಲ. ಈ ಕೆಲಸಕ್ಕೆ ಮೌಸ್ ಸಾಕು, ಅನೇಕ ವೇಳೆ ಮೌಸೇ ಮೇಲು. ಆದುದರಿಂದ “ವಿನ್ಯಾಸ ಕಲಿಯುತ್ತೇನೆ, ಟ್ಯಾಬ್ಲೆಟ್ ಬೇಕು” ಎಂದು ಹಟ ಹಿಡಿದ ಮಗನಿಗೆ ತಂದೆಯಾದವನು ಅದೇ ಹಣದಲ್ಲಿ ಒಳ್ಳೆಯದೊಂದು ಪರದೆಯನ್ನೋ ಹೆಚ್ಚಿನ ರ‍್ಯಾಮನ್ನೋ ಹಾಕಿಸಿಕೊಟ್ಟರೆ ಅನ್ಯಾಯವೇನೂ ಆಗದು. ಪರದೆಯಲ್ಲಿ ಮಿಂಚುವ ಹಸಿರೂ ಕಡುನೀಲಿಯೂ ಅಚ್ಚಿನ ನಾಲ್ಕು ಶಾಯಿಗಳಲ್ಲಿ ಮಂಕಾಗಿಯೇ ಬರುತ್ತವೆ. ಎಷ್ಟು ದುಬಾರಿಯ ಟ್ಯಾಬ್ಲೆಟ್ ತಂದರೂ ಇದು ತಪ್ಪುವುದಿಲ್ಲ. ಮೊದಲು ಒಂದು ಹಾಳೆಯನ್ನು ಅಚ್ಚು ಹಾಕಿಸಿ ನೋಡುವುದೊಂದೇ ಉಪಾಯ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಅಕ್ಷರಗಳ ತೊಡಕು ಬೇರೆಯಿದೆ. ಗಡಿಯ ಈಚೆಗೆ ಕನ್ನಡ ಬಲ್ಲ ಅಚ್ಚುಕೂಟಗಳು ವಿರಳವಾದುದರಿಂದ ಒತ್ತಕ್ಷರ ಕಳಚಿಬಿದ್ದ ಫಲಕಗಳನ್ನು ನಾವು ದಿನವೂ ಕಾಣುತ್ತೇವೆ. ಅಡೋಬಿಯವರ ಇಲಸ್ಟ್ರೇಟರ್, ಫೋಟೋಶಾಪ್‌ಗಳಲ್ಲಿ ದಕ್ಷಿಣ ಏಷ್ಯದ ಲಿಪಿಗಳಿಗೆಂದು ಬೇರೆ ಜೋಡಣೆಯ ಆಯ್ಕೆಯಿದೆ. ಅದನ್ನು ಆರಿಸದಿದ್ದರೆ ‘ಸ್ತ್ರೀ’ ಎಂಬುದು ಮೂರು ಚೂರಾಗಬಹುದು. ಯೂನಿಕೋಡ್ ಅಲ್ಲದ ಹಳೆಯ ಅಕ್ಷರಗಳಲ್ಲಿ ಮಾಡಿದ ಕೆಲಸವನ್ನು ಆ ಅಕ್ಷರವಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ರೋಮನ್ ಅಕ್ಷರಗಳ ಜಂಗುಳಿ ಕಾಣುವುದು. ಇಂಕ್‌ಸ್ಕೇಪ್, ಗಿಂಪ್ ಎಂಬ ಉಚಿತ ತಂತ್ರಾಂಶಗಳು ಯೂನಿಕೋಡ್ ಕನ್ನಡವನ್ನು ಸರಿಯಾಗಿಯೇ ಜೋಡಿಸುತ್ತವೆ. ಬಾಲೂ ತಮ್ಮ, ಟೈರೋ ಕನ್ನಡ, ಹುಬ್ಬಳ್ಳಿ, ನೋಟೋ ಸಾನ್ಸ್ ಕನ್ನಡ ಮುಂತಾದ ಅಕ್ಷರಗಳು ಹಣವಿಲ್ಲದೆ ದೊರೆಯುತ್ತವೆ. ಕೈಬರಹದಿಂದಲೇ ಶೀರ್ಷಿಕೆ ಬರೆಯಬಲ್ಲವನಿಗೆ ಮಾತ್ರ ಪೆನ್ನು ಮತ್ತೆ ಬೇಕಾಗುವುದು. ಹಳೆಯ ಫಲಕ ಬರೆಯುವವರ ಕೈಯ ಸೊಗಸು ಯಾವ ಸಿದ್ಧ ಅಕ್ಷರದಲ್ಲಿಯೂ ಇಲ್ಲವೆಂಬುದು ನಮ್ಮ ಹಟ.

ನಮ್ಮ ಕಡೆಯ ಮಕ್ಕಳಿಗೆ ಒಂದು ಅನುಕೂಲವಿದೆ. ಕೇರಳದ ಶಾಲೆಗಳ ಕಂಪ್ಯೂಟರುಗಳಲ್ಲಿ ನಡೆಯುವುದು ಕೈಟ್ ಸಂಸ್ಥೆಯು ಒದಗಿಸುವ ಗ್ನು/ಲಿನಕ್ಸ್. ಮೇಲೆ ಹೇಳಿದ ಉಚಿತ ತಂತ್ರಾಂಶಗಳ ಪರಿಚಯ ಅವರಿಗೆ ಶಾಲೆಯಲ್ಲಿಯೇ ಆಗಿರುತ್ತದೆ. ಕುಂಚದ ಕೆಲಸಕ್ಕೆ ಕ್ರಿತಾ ಎಂಬುದು ಉಚಿತವಾಗಿಯೇ ಇದ್ದು ವೃತ್ತಿಪರರೂ ಬಳಸುವಷ್ಟು ಬಲವಾಗಿದೆ. ಅದು ವಿಂಡೋಸ್, ಲಿನಕ್ಸ್‌ಗಳಲ್ಲದೆ ಆಂಡ್ರಾಯ್ಡ್ ಟ್ಯಾಬ್ಲೆಟಿಗೂ ದೊರೆಯುತ್ತದೆ. ಐಪ್ಯಾಡಿಗಿಲ್ಲ. ಹಲಗೆಯನ್ನು ಕೊಳ್ಳುವ ಮುನ್ನ ಅದು ಲಿನಕ್ಸ್‌ನಲ್ಲಿ ನಡೆಯುವುದೇ ಎಂದು ವಿಚಾರಿಸಬೇಕು. ಪೆಟ್ಟಿಗೆಯ ಮೇಲೆ ವಿಂಡೋಸ್, ಮ್ಯಾಕ್ ಎಂದಷ್ಟೇ ಬರೆದಿದ್ದರೂ ವಾಕಮ್ ಹಲಗೆಗಳು ಲಿನಕ್ಸ್‌ನಲ್ಲಿ ಬಹುಮಟ್ಟಿಗೆ ಜೋಡಿಸಿದೊಡನೆ ನಡೆಯುತ್ತವೆ. ಹುಯಿಯಾನ್, ಎಕ್ಸ್‌ಪಿ-ಪೆನ್ ಕಂಪನಿಗಳು ತಮ್ಮ ಹಲವು ಮಾದರಿಗಳಿಗೆ ಲಿನಕ್ಸ್ ತಂತ್ರಾಂಶವನ್ನು ತಾವೇ ಕೊಡುತ್ತಿವೆ. ನಿಮ್ಮ ಮಾದರಿಯ ಹೆಸರು ಅವರ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಂಡರಾಯಿತು.

ಹೀಗಿರಲು ಕೇಳಬಂದವರಿಗೆ ನಾವು ಹೇಳುವುದು ಇಷ್ಟು. ಮನೆಯಲ್ಲಿ ಕಂಪ್ಯೂಟರಿದ್ದು ಮಗು ಎಂಟನೆಯ ಒಂಬತ್ತನೆಯ ತರಗತಿಯಲ್ಲಿದ್ದರೆ ಸಣ್ಣದೋ ಮಧ್ಯಮವೋ ಬರಿ ಹಲಗೆಯೊಂದನ್ನು ತೆಗೆದುಕೊಡಿ. ಆಸೆ ಆರು ತಿಂಗಳಲ್ಲಿ ಆರಿಹೋದರೂ ಮನೆ ಮುಳುಗದು. ಕಂಪ್ಯೂಟರಿಲ್ಲ, ಓದಿಗೂ ಬೇಕು ಎಂದಾದರೆ ಪೆನ್ನು ಜೊತೆಗೇ ಬರುವ ಸ್ವತಂತ್ರ ಟ್ಯಾಬ್ಲೆಟ್. ವಿನ್ಯಾಸವನ್ನೇ ವೃತ್ತಿ ಮಾಡಿಕೊಳ್ಳುವವನಿಗೆ ಮೊದಲು ಕಂಪ್ಯೂಟರು, ಆಮೇಲೆ ಹಲಗೆ. ಕಾಗದದ ಮೇಲೆ ಇನ್ನೂ ಬರೆಯದ ಮಗುವಿಗೆ ಒಂದು ರಿಮ್ ಕಾಗದವೂ ಡಜನ್ ಪೆನ್ಸಿಲೂ ಸಾಕು.

ಹಳೆಯದನ್ನು ಕೊಳ್ಳುವುದರಲ್ಲಿ ಅವಮಾನವೇನಿಲ್ಲ. ಬರಿ ಹಲಗೆಯಲ್ಲಿ ಸವೆಯುವ ಭಾಗಗಳೇ ಕಡಮೆ. ಆದರೆ ನಾಲ್ಕು ಮೂಲೆಗಳಲ್ಲಿಯೂ ಪೆನ್ನಾಡಿಸಿ ಗೆರೆ ತುಂಡಾಗುವುದೇ ಎಂದು ನೋಡಿ. ತಂತಿ ಸೇರುವ ಕಿಂಡಿಯನ್ನು ಸ್ವಲ್ಪ ಅಲುಗಿಸಿ ನೋಡಿ. ಹಲಗೆಗಳು ಕೆಡುವುದು ಹೆಚ್ಚಾಗಿ ಅಲ್ಲಿಯೇ. ಪೆನ್ನು ಮೂಲ ಪೆನ್ನೇ ಹೌದೋ ಎಂದು ಕೇಳಿ. ಒಂದು ಕಂಪನಿಯ ಪೆನ್ನಿನ ಶ್ರುತಿ ಇನ್ನೊಂದರ ಹಲಗೆಗೆ ಸಾಮಾನ್ಯವಾಗಿ ಕೂಡದು, ಪೆನ್ನು ಕಳೆದ ಹಲಗೆಗೆ ಹೊಸ ಪೆನ್ನು ತರುವ ವೆಚ್ಚದಲ್ಲಿ ಕೆಲವೊಮ್ಮೆ ಹೊಸ ಹಲಗೆಯೇ ಬರುವುದು. ಪೆನ್ನಿನ ತುದಿ ಓರೆಯಾಗಿ ಸವೆದಿದ್ದರೆ ಹೆದರಬೇಕಾಗಿಲ್ಲ. ಅದು ಚಿಮುಟದಿಂದ ಎಳೆದು ಬದಲಿಸತಕ್ಕ ಸಣ್ಣ ಪ್ಲಾಸ್ಟಿಕ್ ಕಡ್ಡಿ. ಅಂಥ ಬಿಡಿ ಕಡ್ಡಿಗಳು ಪೆಟ್ಟಿಗೆಯ ಮೂಲೆಯಲ್ಲಿಯೋ ಪೆನ್ನಿನ ಗೂಡಿನಲ್ಲಿಯೋ ಉಳಿದಿವೆಯೇ ಎಂದು ಮಾರುವವನನ್ನು ಮರೆಯದೆ ಕೇಳಿ ಪಡೆಯಿರಿ.